ದಟ್ಟ ಎಲುಬೆಲ್ಲ ಗಟ್ಟಿ ಎಲುಬಲ್ಲ

ತಾಲ್ಲೂಕು ಕೇಂದ್ರಗಳಲ್ಲಿ ‘ಉಚಿತ ಎಲುಬು ತಪಾಸಣೆ ಶಿಬಿರ’ ಎಂಬ ಬ್ಯಾನರ್ ಈಗ ಹೊಸ ನೋಟವೇನಲ್ಲ. ಕಲ್ಯಾಣ ಮಂಟಪದ ಒಂದು ಮೂಲೆಯಲ್ಲಿ ಮೇಜು, ಅದರ ಮುಂದೊಂದು ಕುರ್ಚಿ, ಕೆಳಗೆ ತೂಕದ ಪೆಟ್ಟಿಗೆಯಂಥ ಪುಟ್ಟ ಯಂತ್ರ. ಅದರೊಳಗೆ ಹಿಮ್ಮಡಿ ಇಟ್ಟು ಕುಳಿತರೆ ಕೆಲವೇ ನಿಮಿಷಗಳಲ್ಲಿ ಚೀಟಿ ಹೊರಬರುತ್ತದೆ. ಚೀಟಿಯಲ್ಲಿ ಒಂದು ಅಂಕಿ, ಅದರ ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿ. ಹಸಿರು ಬಂದವರು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ಕೆಂಪು ಬಂದವರು ಔಷಧದ ಅಂಗಡಿಗೆ ಹೋಗುತ್ತಾರೆ. ದೊಡ್ಡ ಊರಿಗೆ ಹೋಗಿ ದೊಡ್ಡ ಯಂತ್ರದ ಮೇಲೆ ಮಲಗಿ ಬಂದವರ ಕೈಯಲ್ಲೂ ಕೊನೆಗೆ ಉಳಿಯುವುದು ಅಂಥದೇ ಒಂದು ಅಂಕಿ.

ಆ ಅಂಕಿ ನಿಜವಾಗಿ ಏನನ್ನು ಹೇಳುತ್ತದೆ? ಸ್ಥೂಲವಾಗಿ ಹೇಳುವುದಾದರೆ, ಎಲುಬಿನಲ್ಲಿ ಎಷ್ಟು ಸರಕು ಇದೆ ಎಂಬುದನ್ನು. ಆ ಸರಕನ್ನು ಎಷ್ಟು ಚೆನ್ನಾಗಿ ಕಟ್ಟಲಾಗಿದೆ ಎಂಬುದನ್ನಲ್ಲ. ಹೆಚ್ಚಿನ ಊರುಗಳಲ್ಲಿ ಈ ಎರಡರ ನಡುವೆ ದೊಡ್ಡ ಅಂತರ ಇರುವುದಿಲ್ಲ. ಸರಕು ಕಡಿಮೆಯಾದರೆ ಎಲುಬು ದುರ್ಬಲ, ಸರಕು ಇದ್ದರೆ ಸಬಲ ಎಂದುಕೊಂಡರೆ ಬಹುಮಟ್ಟಿಗೆ ಸರಿಯೇ. ಆದರೆ ಈ ಲೆಕ್ಕ ತಪ್ಪುವ ಪ್ರದೇಶಗಳು ಜಗತ್ತಿನಲ್ಲಿ ಕೆಲವಿವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವ ಪ್ರದೇಶಗಳವು. ಗದಗ ಜಿಲ್ಲೆಯ ಮುಂಡರಗಿ, ರೋಣ ಹಾಗೂ ರೋಣದಿಂದ ಬೇರ್ಪಟ್ಟು 2018ರಲ್ಲಿ ತಾಲ್ಲೂಕಾದ ಗಜೇಂದ್ರಗಡದ ಹಲವು ಹಳ್ಳಿಗಳು ಆ ಪಟ್ಟಿಗೆ ಸೇರಿವೆ.

ಎಲುಬಿನ ಗುಣವನ್ನು ಚಿತ್ರದಲ್ಲಿ ಹಿಡಿಯಲು ವೈದ್ಯಲೋಕ ನಡೆಸಿದ ಪ್ರಯತ್ನದ ಚರಿತ್ರೆಗೂ ಈ ನೆಲದ ನೀರಿನ ಚರಿತ್ರೆಗೂ ಒಂದು ನಂಟಿದೆ. ದಟ್ಟವಾದ ಎಲುಬು ಗಟ್ಟಿಯಾಗಿರಲೇಬೇಕೆಂದಿಲ್ಲ ಎಂಬ ಪಾಠವನ್ನು ಜಗತ್ತಿಗೆ ಕಲಿಸಿದ್ದರಲ್ಲಿ ಇದೇ ಫ್ಲೋರೈಡಿನ ಪಾಲು ದೊಡ್ಡದು.

ಸವಳು ನೀರಿನ ನಾಡು

ಎರೆ ಭೂಮಿಯ ನಾಡಿನಲ್ಲಿ ಜೋಳ, ಹತ್ತಿ, ಕಡಲೆಗೆ ಕೊರತೆ ಇಲ್ಲದಿದ್ದರೂ ಸಿಹಿನೀರಿಗೆ ಮಾತ್ರ ಕೊರತೆ ಇದ್ದೇ ಇತ್ತು. ನರಗುಂದ, ರೋಣದ ಕಡೆ ಬಾವಿ ತೋಡಿದರೆ ಸವಳು ನೀರು ಸಿಗುವುದೇ ಹೆಚ್ಚು. ಹೀಗಾಗಿ ಊರಿಗೊಂದು ಕುಡಿಯುವ ನೀರಿನ ಕೆರೆ ಕಟ್ಟಿಕೊಂಡು, ಮಳೆನೀರನ್ನು ತುಂಬಿಸಿಕೊಂಡು ವರ್ಷ ಕಳೆಯುವುದು ಈ ಭಾಗದ ರೂಢಿ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ರಾಜಮನೆತನದ ಅಕ್ಕಾದೇವಿಯ ನೆಲೆಯಾಗಿದ್ದ ಸೂಡಿಗೆ ಹೋದವರು ಅಲ್ಲಿನ ನಾಗಕುಂಡವನ್ನು ನೋಡದೆ ಬರುವುದಿಲ್ಲ. ದೇಗುಲದ ಕೆತ್ತನೆಗೆ ಸಮನಾದ ಕೆತ್ತನೆ ಆ ಮೆಟ್ಟಿಲು ಹೊಂಡಕ್ಕಿದೆ. ಗಜೇಂದ್ರಗಡದ ಕಾಲಕಾಲೇಶ್ವರ ಗುಡ್ಡದ ಅಂತರಗಂಗೆಯೂ ಹಾಗೆಯೇ. ನೀರು ಅಪರೂಪವಾದ ನಾಡಿನಲ್ಲಿ ಒಂದು ಒರತೆ ತೀರ್ಥವಾಗುವುದು ಸಹಜ.

ಆದರೆ ಮೆಟ್ಟಿಲು ಬಾವಿ, ಹೊಂಡ, ಕೆರೆಗಳ ನೀರಿಗೆ ಇನ್ನೊಂದು ಮುಖವೂ ಇತ್ತು. ಜನ ಕಾಲಿಳಿಸಿ ನೀರು ತುಂಬುವಲ್ಲೆಲ್ಲ ನಾರುಹುಣ್ಣಿನ ಭಯ. ಕಾಲರಾ, ಆಮಶಂಕೆಗಳ ಭಯ ಬೇರೆ. ನಾರುಹುಣ್ಣು ಇದ್ದ ದೇಶದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಮೇಲಿನ ನೀರು ಬೇಡ, ಆಳದ ನೀರು ಕುಡಿಯಿರಿ ಎಂಬ ಮಾತು ಆಗ ವೈದ್ಯಕೀಯವಾಗಿ ಸರಿಯಾದ ಮಾತೇ. 1970ರ ದಶಕದಲ್ಲಿ ಬಂಡೆ ಕೊರೆಯುವ ಯಂತ್ರಗಳು ಬಂದವು. ಸೊಲ್ಲಾಪುರದ ಮಿಷನ್ ಸಂಸ್ಥೆಯೊಂದು ರೂಪಿಸಿದ್ದ ಕೈಪಂಪಿನ ಮಾದರಿಯನ್ನು ಸುಧಾರಿಸಿ ‘ಇಂಡಿಯಾ ಮಾರ್ಕ್-2’ ಪಂಪು ಸಿದ್ಧವಾಯಿತು. ಹಳ್ಳಿಹಳ್ಳಿಗೂ ಕೊಳವೆ ಬಾವಿ ಬಂತು. 1996ರಲ್ಲಿ ದೇಶದ ಕೊನೆಯ ನಾರುಹುಣ್ಣು ಪ್ರಕರಣ ದಾಖಲಾಯಿತು. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಇದು ಸಣ್ಣ ಗೆಲುವಲ್ಲ.

ಗೆಲುವಿನ ಬೆನ್ನಿಗೇ ಇನ್ನೊಂದು ಲೆಕ್ಕ ಬಂತು. ಗ್ರಾನೈಟ್, ನೈಸ್‌ನಂಥ ಗಟ್ಟಿ ಶಿಲೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿರುತ್ತವೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ನಾಡಿನಲ್ಲಿ ಆಳದ ನೀರು ಬಹುಕಾಲ ಬಂಡೆಯ ಸಂದಿಯಲ್ಲೇ ನಿಂತು, ಆ ಖನಿಜಗಳನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಸವಳು ನೀರನ್ನಾದರೆ ನಾಲಿಗೆಯೇ ಗುರುತಿಸುತ್ತದೆ. ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಕೈಪಂಪಿನಿಂದ ತಿಳಿಯಾಗಿ, ತಣ್ಣಗೆ ಬರುವ ನೀರನ್ನು ಯಾರು ತಾನೆ ಅನುಮಾನಿಸುತ್ತಾರೆ?

ಮಲಪ್ರಭಾ ನದಿಗೆ ನವಿಲುತೀರ್ಥದಲ್ಲಿ 1970ರ ದಶಕದಲ್ಲಿ ಅಣೆಕಟ್ಟು ಸಿದ್ಧವಾದ ಮೇಲೆ ನರಗುಂದದ ಕಡೆಗೆ ಕಾಲುವೆ ನೀರು ಬಂತು. ಆ ಕಾಲುವೆಯ ಕರದ ಹೊರೆಯ ವಿರುದ್ಧ 1980ರಲ್ಲಿ ನರಗುಂದದ ರೈತರು ಬಂಡೆದ್ದ ಕಥೆ ನಾಡಿಗೆಲ್ಲ ಗೊತ್ತು. ಪೂರ್ವಕ್ಕೆ, ಕಾಲುವೆ ತಲುಪದ ಎತ್ತರದ ಊರುಗಳು ಮಾತ್ರ ಕೊಳವೆ ಬಾವಿಯನ್ನೇ ನಂಬಿಕೊಂಡು ಉಳಿದವು. ಅಂದರೆ ಹತ್ತಾರು ಮೈಲಿ ಅಂತರದ ಎರಡು ಊರುಗಳ ಎಲುಬಿನ ಚರಿತ್ರೆ ಬೇರೆ ಬೇರೆಯಾಗುವುದಕ್ಕೆ ಒಂದು ಕಾಲುವೆಯ ತಿರುವೂ ಕಾರಣವಾಗಬಲ್ಲದು.

ನೆಲ್ಲೂರಿನಿಂದ ಬಂದ ಸುದ್ದಿ

ನೀರಿಗೂ ಎಲುಬಿಗೂ ಗಂಟು ಹಾಕಿದ ಸುದ್ದಿ ಮೊದಲು ಬಂದದ್ದು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ ಎಂಬ ಮೂವರು 1937ರಲ್ಲಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಮಕ್ಕಳ ಹಲ್ಲುಗಳ ಮೇಲೆ ಕಂದು ಗೆರೆ, ನಡುವಯಸ್ಸಿನವರಲ್ಲಿ ಬಗ್ಗದ ಬೆನ್ನು, ತಿರುಗದ ಕತ್ತು, ಕೊನೆಗೆ ಕೋಲಿಲ್ಲದೆ ಏಳಲಾಗದ ಸ್ಥಿತಿ. ಎಕ್ಸ್-ರೇ ತೆಗೆದು ನೋಡಿದರೆ ಬೆನ್ನೆಲುಬು ಸುಣ್ಣ ಬಳಿದಷ್ಟು ಬಿಳಿ. ಇದಕ್ಕೆಲ್ಲ ಬಾವಿಯ ನೀರಿನ ಫ್ಲೋರೈಡ್ ಕಾರಣ ಎಂದು ಅವರು ತೋರಿಸಿದರು. ಮೂವರಲ್ಲಿ ಒಬ್ಬರಾದ ಸಿ.ಜಿ. ಪಂಡಿತ್ ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರಾದರು.

ಎಕ್ಸ್-ರೇ ಚಿತ್ರದಲ್ಲಿ ಎಲುಬು ಬೆಳ್ಳಗೆ ಕಾಣುವುದು ಅದರಲ್ಲಿ ಖನಿಜ ಇರುವುದರಿಂದ. ಹೆಚ್ಚು ಬಿಳಿ ಎಂದರೆ ಹೆಚ್ಚು ಖನಿಜ. ಹೀಗಾಗಿ ಫ್ಲೋರೋಸಿಸ್ ಎಂದರೆ ಎಲುಬು ‘ಹೆಚ್ಚಾಗುವ’ ರೋಗ ಎಂದೇ ಬಹುಕಾಲ ವೈದ್ಯರು ತಿಳಿದಿದ್ದರು. ಮುದುಕಿಯರ ಎಲುಬು ಟೊಳ್ಳಾಗುವ ಆಸ್ಟಿಯೊಪೊರೋಸಿಸ್‌ಗೆ ಇದು ತದ್ವಿರುದ್ಧ ಎಂಬಂತಿತ್ತು ಆ ತಿಳಿವಳಿಕೆ.

ಅದನ್ನು ಅಲುಗಾಡಿಸಿದ್ದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ. ಆಂಧ್ರದ ಫ್ಲೋರೈಡ್ ಹಳ್ಳಿಗಳಲ್ಲಿ ಎಳೆಯರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಕುತ್ತಿದ್ದುದನ್ನು 1973ರಲ್ಲಿ ಅವರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಆ ಮಕ್ಕಳ ಬೆನ್ನೆಲುಬು ದಟ್ಟವಾಗಿದ್ದರೆ, ಕೈಕಾಲುಗಳ ಎಲುಬು ತೆಳ್ಳಗಾಗಿ ಟೊಳ್ಳಾಗಿತ್ತು. ಎದುರುಬದುರೆಂದು ತಿಳಿದಿದ್ದ ಎರಡು ರೋಗಗಳು ಒಂದೇ ದೇಹದಲ್ಲಿ ಮನೆ ಮಾಡಿದ್ದವು.

ಅದೇ ಸಂಸ್ಥೆಯ ಲಕ್ಷ್ಮಯ್ಯ ಮತ್ತು ಶ್ರೀಕಂಠಯ್ಯ 1977ರಲ್ಲಿ ಇನ್ನೊಂದು ಸಂಗತಿಯನ್ನು ಗುರುತಿಸಿದರು. ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರ ದೇಹದಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆ ಎಂಬುದು ಅವರ ಪ್ರಯೋಗದ ಫಲಿತಾಂಶ. ಜೋಳದ ರೊಟ್ಟಿಯ ನಾಡಿನವರಿಗೆ ಇದು ಕಹಿ ಸುದ್ದಿ. ಆದರೆ ತಪ್ಪು ರೊಟ್ಟಿಯದಲ್ಲ, ನೀರಿನದು ಎಂಬುದನ್ನು ಮರೆಯಬಾರದು. ಫ್ಲೋರೈಡ್ ಇಲ್ಲದ ನೀರಿನೊಂದಿಗೆ ಅದೇ ರೊಟ್ಟಿ ತಲೆತಲಾಂತರದಿಂದ ಗಟ್ಟಿಮುಟ್ಟಾದ ದೇಹಗಳನ್ನು ಬೆಳೆಸಿದೆ.

ಎಲುಬೆಂಬ ಕಟ್ಟಡ

ಇಷ್ಟಕ್ಕೂ ಎಲುಬು ಗಟ್ಟಿಯಾಗಿರುವುದು ಹೇಗೆ? ಎಲುಬನ್ನು ಕಲ್ಲಿನ ಗುಂಡಿನಂತೆ ಭಾವಿಸುವವರೇ ಹೆಚ್ಚು. ಅದು ಕಟ್ಟಡ ಎಂದು ತಿಳಿಯುವುದು ಮೇಲು. ಹೊರಗೆ ಗಟ್ಟಿ ಗೋಡೆ, ಒಳಗೆ ತೊಲೆ, ಕಂಬ, ಅಡ್ಡಪಟ್ಟಿಗಳ ಜಾಲ. ಈ ಜಾಲದ ಸರಕೂ ಒಂದೇ ಬಗೆಯದಲ್ಲ. ಬಾಗುವ ಗುಣವಿರುವ ಕೊಲಾಜೆನ್ ಎಂಬ ಪ್ರೋಟೀನಿನ ನಾರು, ಆ ನಾರಿನ ಮೇಲೆ ಕೂರುವ ಕ್ಯಾಲ್ಸಿಯಂ-ಫಾಸ್ಫೇಟ್ ಹರಳು. ನಾರು ಇಲ್ಲದಿದ್ದರೆ ಎಲುಬು ಸೀಮೆಸುಣ್ಣದಂತೆ ತುಂಡಾಗುತ್ತದೆ. ಹರಳು ಇಲ್ಲದಿದ್ದರೆ ಹಸಿ ಬರಲಿನಂತೆ ಬಾಗುತ್ತದೆ.

ಈ ಕಟ್ಟಡದ ನಕ್ಷೆಯನ್ನು ಮೊದಲು ಓದಿದ್ದು ಒಬ್ಬ ವೈದ್ಯ ಮತ್ತು ಒಬ್ಬ ಎಂಜಿನಿಯರ್. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಅಂಗರಚನಾ ತಜ್ಞ ಹರ್ಮನ್ ಫಾನ್ ಮೇಯರ್ ತೊಡೆಯೆಲುಬಿನ ಮೇಲ್ತುದಿಯನ್ನು ಸೀಳಿ ಅದರೊಳಗಿನ ಗೆರೆಗಳ ಚಿತ್ರ ಬರೆದಿದ್ದ. ಅದನ್ನು ಕಂಡ ಎಂಜಿನಿಯರ್ ಕಾರ್ಲ್ ಕುಲ್ಮನ್, ಭಾರ ಎತ್ತುವ ಕ್ರೇನಿನಲ್ಲಿ ಒತ್ತಡ ಹರಿಯುವ ದಾರಿಗಳೇ ಇವು ಎಂದು ಗುರುತಿಸಿದ. ಭಾರ ಬೀಳುವಲ್ಲಿ ಎಲುಬು ತೊಲೆ ಕಟ್ಟಿಕೊಳ್ಳುತ್ತದೆ, ಭಾರ ಇಲ್ಲದಲ್ಲಿ ಕಳಚಿಕೊಳ್ಳುತ್ತದೆ ಎಂಬ ನಿಯಮವನ್ನು 1892ರಲ್ಲಿ ಜರ್ಮನಿಯ ಜೂಲಿಯಸ್ ವೂಲ್ಫ್ ಮಂಡಿಸಿದ. ಮೂರು ವರ್ಷಗಳ ಬಳಿಕ, 1895ರಲ್ಲಿ, ರಾಂಟ್‌ಜೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ. ಜೀವಂತ ಎಲುಬನ್ನು ಸೀಳದೆ ನೋಡುವುದು ಸಾಧ್ಯವಾಯಿತು.

ಆದರೆ ಸಾಮಾನ್ಯ ಎಕ್ಸ್-ರೇಗೆ ಒಂದು ದೌರ್ಬಲ್ಯವಿದೆ. ಎಲುಬಿನ ಸರಕು ಶೇಕಡ 30ರಷ್ಟಾದರೂ ಕರಗದ ಹೊರತು ಕಣ್ಣಿಗೆ ವ್ಯತ್ಯಾಸ ಸ್ಪಷ್ಟವಾಗುವುದಿಲ್ಲ. ಈ ಮಿತಿಯನ್ನು ಜಾಣತನದಿಂದ ದಾಟಲು ಹೊರಟವರಲ್ಲಿ ಭಾರತದ ವೈದ್ಯರಿದ್ದರು ಎಂಬುದು ಹೆಮ್ಮೆಯ ಸಂಗತಿ. ಮನಮೋಹನ್ ಸಿಂಗ್ (ಮಾಜಿ ಪ್ರಧಾನಿಯಲ್ಲ, ಅದೇ ಹೆಸರಿನ ವೈದ್ಯರು), ನಾಗರತ್ ಮತ್ತು ಮೈನಿ 1970ರಲ್ಲಿ ಒಂದು ಸೂಚ್ಯಂಕ ರೂಪಿಸಿದರು. ಎಲುಬು ಎಷ್ಟು ಬೆಳ್ಳಗಿದೆ ಎಂದು ನೋಡಬೇಡಿ, ತೊಡೆಯೆಲುಬಿನ ಮೇಲ್ತುದಿಯ ಒಳಗೆರೆಗಳಲ್ಲಿ ಯಾವ ಯಾವುವು ಉಳಿದಿವೆ, ಯಾವುವು ಮಾಯವಾಗಿವೆ ಎಂದು ನೋಡಿ ಎಂಬುದೇ ಅದರ ತಿರುಳು. ಎಲ್ಲ ಗೆರೆಗಳೂ ಇದ್ದರೆ ಆರನೆಯ ದರ್ಜೆ. ಒಂದೊಂದೇ ಗುಂಪು ಅಳಿಸುತ್ತ ಬಂದರೆ ಕೊನೆಗೆ ಒಂದನೆಯ ದರ್ಜೆ. ‘ಸಿಂಗ್ ಸೂಚ್ಯಂಕ’ ಎಂದು ಜಗತ್ತಿನ ವೈದ್ಯಕೀಯ ಪಠ್ಯಗಳಲ್ಲಿ ಅದು ಸೇರಿಹೋಯಿತು.

ಬೇರೆ ಬೇರೆ ವೈದ್ಯರು ಒಂದೇ ಚಿತ್ರಕ್ಕೆ ಬೇರೆ ಬೇರೆ ದರ್ಜೆ ಕೊಡುತ್ತಾರೆ ಎಂಬ ಆಕ್ಷೇಪ ಬಂದು ಈ ಸೂಚ್ಯಂಕ ಮುಂದೆ ಹಿಂದೆ ಸರಿಯಿತು. ಆದರೂ ಒಂದು ಮಾತು ನಿಜ. ಎಲುಬಿನ ಸರಕನ್ನಲ್ಲ, ಕಟ್ಟಡವನ್ನು ನೋಡಬೇಕು ಎಂಬ ದೃಷ್ಟಿ ಅದರಲ್ಲಿತ್ತು. ಈ ಮಾತಿಗೆ ವೈದ್ಯಲೋಕ ಮರಳಿ ಬರಲು ಎರಡು ದಶಕ ಹಿಡಿಯಿತು.

ತೂಕದ ಕಾಲ

ಆ ನಡುವಿನ ಕಾಲ ತೂಕದ ಕಾಲ. 1963ರಲ್ಲಿ ಅಮೆರಿಕದ ಕ್ಯಾಮೆರಾನ್ ಮತ್ತು ಸೊರೆನ್ಸನ್ ಮುಂಗೈ ಎಲುಬಿನ ಮೂಲಕ ವಿಕಿರಣದ ಸಣ್ಣ ಧಾರೆ ಹಾಯಿಸಿ, ಅದರಲ್ಲಿ ಎಷ್ಟು ಎಲುಬಿನಲ್ಲೇ ಉಳಿಯಿತು ಎಂದು ಅಳೆದು ಖನಿಜದ ಲೆಕ್ಕ ಹಾಕಿದರು. 1987ರಲ್ಲಿ ಎರಡು ಬಗೆಯ ಶಕ್ತಿಯ ಎಕ್ಸ್-ಕಿರಣ ಬಳಸಿ ಮಾಂಸದ ಲೆಕ್ಕ ಕಳೆದು ಎಲುಬಿನ ಲೆಕ್ಕವನ್ನಷ್ಟೇ ಕೊಡುವ ಡೆಕ್ಸಾ ಯಂತ್ರ ಮಾರುಕಟ್ಟೆಗೆ ಬಂತು. ನೋವಿಲ್ಲ, ವಿಕಿರಣ ಅತ್ಯಲ್ಪ, ಕೆಲವೇ ನಿಮಿಷಗಳ ಕೆಲಸ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೊಂದು ಗೆರೆ ಎಳೆಯಿತು. ಯುವತಿಯರ ಸರಾಸರಿಗಿಂತ ಎಷ್ಟು ಕೆಳಗಿದ್ದೀರಿ ಎಂಬುದನ್ನು ‘ಟಿ-ಸ್ಕೋರ್’ ಹೇಳುತ್ತದೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಶಿಬಿರದ ಹಿಮ್ಮಡಿ ಯಂತ್ರ ಎಕ್ಸ್-ಕಿರಣದ್ದಲ್ಲ, ಶಬ್ದ ತರಂಗದ್ದು. ಅದು ಕೊಡುವುದು ಪರೋಕ್ಷ ಅಂದಾಜು. ಡೆಕ್ಸಾದ ಗೆರೆಯನ್ನು ಅದಕ್ಕೆ ನೇರವಾಗಿ ಅನ್ವಯಿಸಲು ಬರುವುದಿಲ್ಲ.

ಟಿ-ಸ್ಕೋರ್ ಬಹಳ ಉಪಯುಕ್ತ ಅಂಕಿ. ಅದರಿಂದ ಲಕ್ಷಾಂತರ ಜನರಿಗೆ ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿದೆ. ಆದರೆ ಅದೊಂದೇ ಸಾಲದು ಎಂಬುದೂ ಬೇಗನೆ ತಿಳಿಯಿತು. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ನಗರದ ಹಿರಿಯರನ್ನು ವರ್ಷಗಟ್ಟಲೆ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಸಾಕ್ಷಿ. ಬೆನ್ನೆಲುಬಿನದಲ್ಲದ ಮುರಿತಗಳಾದ ಮಹಿಳೆಯರಲ್ಲಿ ಮೈನಸ್ 2.5ರ ಗೆರೆಯ ಕೆಳಗಿದ್ದವರು ಶೇಕಡ 44 ಮಾತ್ರ. ಗಂಡಸರಲ್ಲಿ ಶೇಕಡ 21. ಉಳಿದವರೆಲ್ಲ ಯಂತ್ರದ ಲೆಕ್ಕದಲ್ಲಿ ‘ರೋಗ ಇಲ್ಲದವರು’. ಆದರೂ ಎಲುಬು ಮುರಿದಿತ್ತು.

ವಿಷವೇ ಮದ್ದಾದಾಗ

ಇದಕ್ಕಿಂತ ದೊಡ್ಡ ಪಾಠ ಅಷ್ಟರಲ್ಲಾಗಲೇ ಬಂದಿತ್ತು. ಫ್ಲೋರೈಡ್ ಕುಡಿದವರ ಬೆನ್ನೆಲುಬು ದಟ್ಟವಾಗುತ್ತದೆ ಎಂಬುದು ನೆಲ್ಲೂರಿನಂಥ ವರದಿಗಳಿಂದ ಗೊತ್ತಿತ್ತಷ್ಟೆ. ಹಾಗಿದ್ದರೆ ಎಲುಬು ಟೊಳ್ಳಾದವರಿಗೆ ಅದನ್ನೇ ಮದ್ದಾಗಿ ಕೊಟ್ಟರೆ ಹೇಗೆ? 1961ರಲ್ಲಿ ರಿಚ್ ಮತ್ತು ಎನ್‌ಸಿಂಕ್ ಎಂಬ ವೈದ್ಯರು ಈ ದಾರಿ ತೆರೆದರು. ಮುಂದಿನ ಮೂರು ದಶಕ ಪಾಶ್ಚಾತ್ಯ ದೇಶಗಳಲ್ಲಿ ಸೋಡಿಯಂ ಫ್ಲೋರೈಡ್ ಮಾತ್ರೆಯ ಮೇಲೆ ದೊಡ್ಡ ಭರವಸೆ ಇತ್ತು. ನಮ್ಮ ಹಳ್ಳಿಗಳಲ್ಲಿ ಜನ ಬೇಡವೆಂದರೂ ಕುಡಿಯಬೇಕಾಗಿದ್ದುದನ್ನು ಅಲ್ಲಿನ ಆಸ್ಪತ್ರೆಗಳು ಅಳೆದು ಕೊಡುತ್ತಿದ್ದವು.

ನಿಜ ತಿಳಿದದ್ದು 1990ರಲ್ಲಿ. ಅಮೆರಿಕದ ಮೇಯೊ ಕ್ಲಿನಿಕ್‌ನ ಲಾರೆನ್ಸ್ ರಿಗ್ಸ್ ಮತ್ತು ಸಂಗಡಿಗರು ಬೆನ್ನೆಲುಬು ಆಗಲೇ ಕುಸಿದಿದ್ದ 202 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್, ಇನ್ನೊಂದಕ್ಕೆ ಮದ್ದಿಲ್ಲದ ಮಾತ್ರೆ. ಕ್ಯಾಲ್ಸಿಯಂ ಇಬ್ಬರಿಗೂ. ನಾಲ್ಕು ವರ್ಷಗಳ ಬಳಿಕ ಫ್ಲೋರೈಡ್ ಗುಂಪಿನ ಬೆನ್ನೆಲುಬಿನ ಸಾಂದ್ರತೆ ಶೇಕಡ 35ರಷ್ಟು ಏರಿತ್ತು. ಯಂತ್ರವನ್ನಷ್ಟೇ ಕೇಳಿದರೆ ಇದು ಪವಾಡ. ಆದರೆ ಬೆನ್ನೆಲುಬಿನ ಹೊಸ ಮುರಿತಗಳು ಕಡಿಮೆಯಾಗಿರಲಿಲ್ಲ. ಫ್ಲೋರೈಡ್ ಗುಂಪಿನಲ್ಲಿ 163, ಇನ್ನೊಂದರಲ್ಲಿ 136. ಕೈಕಾಲು ಮುಂತಾದ ಕಡೆಯ ಮುರಿತಗಳಂತೂ 72 ಮತ್ತು 24. ಅಂದರೆ ಮೂರು ಪಟ್ಟು. ಮುಂಗೈ ಎಲುಬಿನ ಸಾಂದ್ರತೆ ಶೇಕಡ 4ರಷ್ಟು ಇಳಿದೂ ಇತ್ತು. ಆಂಧ್ರದ ಮಕ್ಕಳಲ್ಲಿ ಕಂಡದ್ದೂ ಇದೇ ಅಲ್ಲವೇ? ಬೆನ್ನು ದಟ್ಟ, ಕೈಕಾಲು ತೆಳು.

ಇಲ್ಲಿ ಒಂದು ಸ್ವಾರಸ್ಯವಿದೆ. ಇದೇ ರಿಗ್ಸ್ 1972ರಲ್ಲಿ ನಮ್ಮ ಸಿಂಗ್ ಅವರ ಜೊತೆಗೂಡಿ ತೊಡೆಯೆಲುಬಿನ ಗೆರೆಗಳ ಸೂಚ್ಯಂಕದ ಮೇಲೆ ಪ್ರಬಂಧ ಬರೆದಿದ್ದರು. ಗೆರೆಗಳಿಂದ ಆರಂಭಿಸಿದವರೇ ತೂಕದ ಮಿತಿಯನ್ನೂ ತೋರಿಸಿಕೊಟ್ಟಂತಾಯಿತು.

ದಟ್ಟವಾಗಿಯೂ ಎಲುಬು ಮುರಿದದ್ದೇಕೆ? ಫ್ಲೋರೈಡ್ ಎಲುಬು ಕಟ್ಟುವ ಕೋಶಗಳನ್ನು ಕೆರಳಿಸುತ್ತದೆ. ಅವು ಅವಸರದಲ್ಲಿ ಕಟ್ಟುತ್ತ ಹೋಗುತ್ತವೆ. ಹರಳಿನೊಳಗೆ ಸೇರಿಕೊಂಡ ಫ್ಲೋರೈಡ್ ಹರಳುಗಳನ್ನು ದಪ್ಪವಾಗಿಸುತ್ತದೆ. ನಾರಿಗೂ ಹರಳಿಗೂ ಇರಬೇಕಾದ ಹಿಡಿತ ಕೆಡುತ್ತದೆ. ಹೊಸದಾಗಿ ಕಟ್ಟಿದ್ದರಲ್ಲಿ ಕೆಲಭಾಗ ಸರಿಯಾಗಿ ಖನಿಜ ತುಂಬದೆ ಮೆತ್ತಗೇ ಉಳಿಯುತ್ತದೆ. ಕ್ಯಾಲ್ಸಿಯಂ ಸಾಲದಾದಾಗ ದೇಹ ಕೈಕಾಲಿನ ಎಲುಬಿನಿಂದ ಅದನ್ನು ಕಿತ್ತುಕೊಳ್ಳುತ್ತದೆ. ಗಾರೆ ಕೆಲಸದವರು ಬಲ್ಲ ಮಾತಿನಲ್ಲೇ ಹೇಳುವುದಾದರೆ, ಗೋಡೆ ದಪ್ಪವಾಯಿತು, ಕಟ್ಟು ಕೂಡಲಿಲ್ಲ.

ಹಾಗೆಂದು ಒಂದು ಹನಿ ಫ್ಲೋರೈಡಿಗೂ ಹೆದರಬೇಕಿಲ್ಲ. ಚೀನಾದ ಆರು ಪ್ರದೇಶಗಳಲ್ಲಿ 50 ದಾಟಿದ 8,266 ಜನರನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೀರಿನಲ್ಲಿ ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದಲ್ಲಿ ಮುರಿತಗಳು ಅತಿ ಕಡಿಮೆ ಇದ್ದವು. 4.3 ಮಿಲಿಗ್ರಾಂ ದಾಟಿದಲ್ಲಿ ಹೆಚ್ಚಾಗಿದ್ದವು. ಭಾರತದ ಮಾನಕದಲ್ಲೂ 1 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5.

ಗುಣ ನೋಡುವ ಕಣ್ಣು

2000ದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಆಸ್ಟಿಯೊಪೊರೋಸಿಸ್‌ನ ವ್ಯಾಖ್ಯೆಯನ್ನೇ ತಿದ್ದಿತು. ಎಲುಬಿನ ಬಲ ಎಂದರೆ ಸಾಂದ್ರತೆ ಮತ್ತು ಗುಣ ಎರಡೂ ಸೇರಿದ್ದು ಎಂಬುದು ಆ ಸಭೆಯ ತೀರ್ಮಾನ. ಗುಣವನ್ನು ಚಿತ್ರದಲ್ಲಿ ಹಿಡಿಯುವ ಪ್ರಯತ್ನಗಳಿಗೆ ಇದರಿಂದ ಬಲ ಬಂತು.

ಅವುಗಳಲ್ಲಿ ಅತಿ ಸೂಕ್ಷ್ಮವಾದದ್ದು ಮುಂಗೈ ಮತ್ತು ಕಣಕಾಲಿನ ಎಲುಬನ್ನು ಪದರ ಪದರವಾಗಿ ತೋರಿಸುವ ವಿಶೇಷ ಸಿ.ಟಿ. ಯಂತ್ರ. ಅದರ ಮೊದಲ ಪೀಳಿಗೆಯೇ 82 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಕೂದಲೆಳೆಯಷ್ಟು ಅಳತೆಯಲ್ಲಿ ಒಳತೊಲೆಗಳನ್ನು ತೋರಿಸುತ್ತಿತ್ತು. ಆದರೆ ಅದು ಸಂಶೋಧನಾ ಸಂಸ್ಥೆಗಳ ಸೊತ್ತು, ತಾಲ್ಲೂಕು ಆಸ್ಪತ್ರೆಗೆ ಬರುವಂಥದ್ದಲ್ಲ.

ನಮಗೆ ಹತ್ತಿರವಾದದ್ದು ‘ಟ್ರಾಬೆಕ್ಯುಲರ್ ಬೋನ್ ಸ್ಕೋರ್’ ಎಂಬ ವಿಧಾನ. ಇದಕ್ಕೆ ಹೊಸ ಯಂತ್ರ ಬೇಡ, ಮತ್ತೆ ವಿಕಿರಣವೂ ಬೇಡ. ಡೆಕ್ಸಾ ಯಂತ್ರ ತೆಗೆದ ಬೆನ್ನೆಲುಬಿನ ಚಿತ್ರವನ್ನೇ ಕಂಪ್ಯೂಟರ್ ಇನ್ನೊಮ್ಮೆ ಓದುತ್ತದೆ. ಚಿತ್ರದ ಒಂದು ಚುಕ್ಕೆಯಿಂದ ಪಕ್ಕದ ಚುಕ್ಕೆಗೆ ಬಣ್ಣ ಹೇಗೆ ಬದಲಾಗುತ್ತದೆ ಎಂಬುದನ್ನು ಲೆಕ್ಕ ಹಾಕುತ್ತದೆ. ಒಳಜಾಲ ಒತ್ತಾಗಿದ್ದರೆ ಸಣ್ಣ ಸಣ್ಣ ಬದಲಾವಣೆಗಳು ಬಹಳ. ತೊಲೆಗಳು ಕಳಚಿದ್ದರೆ ಬದಲಾವಣೆಗಳು ಕಡಿಮೆ, ಆದರೆ ದೊಡ್ಡವು. ನೇಯ್ಗೆಯ ಹೋಲಿಕೆ ಗಜೇಂದ್ರಗಡದವರಿಗೆ ಬೇಗ ತಿಳಿದೀತು. ಒಂದೇ ತೂಕದ ಎರಡು ಬಟ್ಟೆಗಳಲ್ಲಿ ಒಂದು ಒತ್ತು ನೇಯ್ಗೆಯದು, ಇನ್ನೊಂದು ದಪ್ಪ ನೂಲಿನ ಸಡಿಲ ನೇಯ್ಗೆಯದು. ತಕ್ಕಡಿ ಎರಡಕ್ಕೂ ಒಂದೇ ಅಂಕಿ ಹೇಳುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದರಷ್ಟೇ ವ್ಯತ್ಯಾಸ ಕಾಣುವುದು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ವಿಧಾನಕ್ಕೆ ಒಪ್ಪಿಗೆ ಕೊಟ್ಟಿತು.

ಇದರ ಜೊತೆಗೆ 2008ರಲ್ಲಿ ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಾನಿಸ್ ಮತ್ತವರ ತಂಡ ‘ಫ್ರಾಕ್ಸ್’ ಎಂಬ ಲೆಕ್ಕಪಟ್ಟಿ ರೂಪಿಸಿತು. ವಯಸ್ಸು, ತೂಕ, ಹಿಂದಿನ ಮುರಿತ, ತಂದೆತಾಯಿಗೆ ಸೊಂಟದ ಎಲುಬು ಮುರಿದಿತ್ತೇ, ಧೂಮಪಾನ, ಮದ್ಯ, ಸ್ಟಿರಾಯ್ಡ್ ಔಷಧ, ಸಂಧಿವಾತ ಮುಂತಾದವನ್ನು ಕೇಳಿ ಮುಂದಿನ ಹತ್ತು ವರ್ಷಗಳಲ್ಲಿ ಮುರಿತದ ಸಂಭವ ಎಷ್ಟು ಎಂದು ಅದು ಹೇಳುತ್ತದೆ. ಭಾರತಕ್ಕೆಂದೇ ಅದರ ಒಂದು ಆವೃತ್ತಿಯೂ ಇದೆ. ಆದರೆ ಆ ಪ್ರಶ್ನೆಗಳ ಪಟ್ಟಿಯಲ್ಲಿ ಒಂದು ಪ್ರಶ್ನೆ ಇಲ್ಲ: ನೀವು ಯಾವ ನೀರು ಕುಡಿದು ಬೆಳೆದಿರಿ?

ಕೇಳಬೇಕಾದ ಪ್ರಶ್ನೆ

ನಮ್ಮ ಭಾಗದ ಮಟ್ಟಿಗೆ ಈ ಪ್ರಶ್ನೆಯೇ ಮುಖ್ಯ. ಕೊಳವೆ ಬಾವಿಯ ನೀರನ್ನು ನಾಲ್ಕು ದಶಕ ಕುಡಿದ ಅರವತ್ತೈದರ ಹೆಂಗಸೊಬ್ಬಳನ್ನು ಊಹಿಸಿಕೊಳ್ಳಿ. ನಾಲ್ಕೈದು ಹೆರಿಗೆ, ವರ್ಷಗಟ್ಟಲೆ ಹಾಲೂಡಿದ್ದು, ತಾನು ಮಾತ್ರ ಹಾಲು ಮೊಸರು ಕಂಡದ್ದು ಅಪರೂಪ, ಮುಟ್ಟು ನಿಂತು ಹದಿನೈದು ವರ್ಷ. ಆಕೆಯ ಎಲುಬು ಟೊಳ್ಳಾಗಲು ಎಲ್ಲ ಕಾರಣಗಳೂ ಇವೆ. ಬೆನ್ನೆಲುಬಿಗೆ ಸೇರಿಕೊಂಡ ಫ್ಲೋರೈಡ್ ಮತ್ತು ಕೀಲುಗಳ ಸುತ್ತ ಬೆಳೆದ ಮುಳ್ಳೆಲುಬು ಮಾತ್ರ ಯಂತ್ರದ ಅಂಕಿಯನ್ನು ಮೇಲಕ್ಕೆತ್ತುತ್ತವೆ. ಚೀಟಿ ಹಸಿರು ತೋರಿಸಬಹುದು. ಆ ಹಸಿರನ್ನು ನಂಬಿ ಮನೆಗೆ ಹೋದ ಆಕೆ ಬಚ್ಚಲಲ್ಲಿ ಜಾರಿದರೆ? ಸೊಂಟದ ಎಲುಬು ಮುರಿದ ಮುದುಕಿಗೆ ಹಳ್ಳಿಯಲ್ಲಿ ಉಳಿಯುವುದು ಹಾಸಿಗೆ. ಮನೆಯ ಇನ್ನೊಬ್ಬ ಹೆಂಗಸಿನ ದುಡಿಮೆಯೂ ಅದರೊಂದಿಗೆ ನಿಲ್ಲುತ್ತದೆ.

ಆದ್ದರಿಂದ ಫ್ಲೋರೈಡ್ ಹಳ್ಳಿಗಳಿಂದ ಬಂದವರ ವಿಷಯದಲ್ಲಿ ಬೆನ್ನೆಲುಬಿನ ಅಂಕಿಯೊಂದನ್ನೇ ನಂಬದೆ ಸೊಂಟ ಮತ್ತು ಮುಂಗೈಯನ್ನೂ ಅಳೆಯುವುದು ವಿವೇಕ. ಇದರೊಂದಿಗೆ ಮುಂಗೈಯ ಒಂದು ಸಾಮಾನ್ಯ ಎಕ್ಸ್-ರೇ ಬಹಳ ಹೇಳುತ್ತದೆ. ಮುಂಗೈಯ ಎರಡು ಎಲುಬುಗಳ ನಡುವೆ ಇರುವ ತೆಳುಪೊರೆ ಫ್ಲೋರೋಸಿಸ್ ಇದ್ದವರಲ್ಲಿ ಸುಣ್ಣಗಟ್ಟಿ, ಗರಗಸದ ಅಂಚಿನಂತೆ ಕಾಣುತ್ತದೆ. ಲಕ್ಷಾಂತರ ರೂಪಾಯಿಯ ಯಂತ್ರ ಬೇಡದ ಈ ಗುರುತು ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗಬಲ್ಲದು. ಮೂತ್ರದಲ್ಲಿ ಫ್ಲೋರೈಡ್ ಎಷ್ಟಿದೆ ಎಂಬ ಪರೀಕ್ಷೆಯೂ ಇದೆ. 2008-09ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದಲ್ಲಿ ಇಂಥ ಪರೀಕ್ಷೆಗಳಿಗೆ ಸ್ಥಾನ ಕೊಡಲಾಗಿದೆ.

ನೀರಿನ ಕಡೆಯಿಂದಲೂ ಪ್ರಯತ್ನಗಳು ನಡೆದಿವೆ. ಪಟಕ ಮತ್ತು ಸುಣ್ಣ ಬಳಸಿ ಫ್ಲೋರೈಡ್ ಇಳಿಸುವ ‘ನಲಗೊಂಡ ವಿಧಾನ’ವನ್ನು ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲೇ ರೂಪಿಸಿತು. 2013ರ ನಂತರ ರಾಜ್ಯದ ಹಳ್ಳಿಗಳಲ್ಲಿ ಸಾವಿರಾರು ಶುದ್ಧ ಕುಡಿಯುವ ನೀರಿನ ಘಟಕಗಳು ತಲೆ ಎತ್ತಿದವು. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವುದು ಈಗ ದಿನನಿತ್ಯದ ನೋಟ. ಮಲಪ್ರಭಾ ಮತ್ತು ತುಂಗಭದ್ರಾ ನದಿಗಳ ನೀರನ್ನು ಕೊಳವೆಯಲ್ಲಿ ಊರೂರಿಗೆ ತರುವ ಯೋಜನೆಗಳೂ ಜಿಲ್ಲೆಯಲ್ಲಿ ಜಾರಿಗೆ ಬಂದಿವೆ. ಘಟಕ ಕೆಟ್ಟು ನಿಂತ ದಿನ, ನದಿ ನೀರು ಬಾರದ ವಾರ ಜನ ಮತ್ತೆ ಕೊಳವೆ ಬಾವಿಗೆ ಮರಳುತ್ತಾರೆ ಎಂಬುದನ್ನು ಮಾತ್ರ ಯೋಜನೆ ಮಾಡುವವರು ಮರೆಯಬಾರದು.

ನೀರು ಬದಲಾದ ಮಾತ್ರಕ್ಕೆ ಎಲುಬು ಬದಲಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಎಲುಬಿನಲ್ಲಿ ಕೂತ ಫ್ಲೋರೈಡ್ ಹೊರಬೀಳಲು ವರ್ಷಗಟ್ಟಲೆ ಬೇಕು. ಇಂದು ಶುದ್ಧ ನೀರು ಕುಡಿಯುತ್ತಿರುವ ಅಜ್ಜಿಯ ಎಲುಬಿನಲ್ಲಿ ಎಂಬತ್ತರ ದಶಕದ ಕೈಪಂಪು ಇನ್ನೂ ಇದೆ. ಆಕೆಯ ಮೊಮ್ಮಗಳ ಹಲ್ಲು ಬೆಳ್ಳಗಿರುವುದನ್ನು ಕಂಡು ಸಮಸ್ಯೆ ಮುಗಿಯಿತು ಎಂದು ಕೈತೊಳೆದುಕೊಳ್ಳುವಂತಿಲ್ಲ. ಕೊಳವೆ ಬಾವಿಯ ಮೊದಲ ಪೀಳಿಗೆ ಈಗಷ್ಟೇ ಮುಪ್ಪಿಗೆ ಕಾಲಿಡುತ್ತಿದೆ. ಮುರಿತದ ವಯಸ್ಸು ಎಂದರೆ ಅದೇ. ರಾಗಿ, ಹಾಲು, ಸೊಪ್ಪಿನ ಮೂಲಕ ಕ್ಯಾಲ್ಸಿಯಂ, ಬಿಸಿಲಿನಿಂದ ಡಿ ಜೀವಸತ್ವ, ಜಾರದ ಬಚ್ಚಲು, ರಾತ್ರಿ ಒಂದು ದೀಪ, ಇವೆಲ್ಲ ಯಾವ ಯಂತ್ರಕ್ಕೂ ಕಾಯದೆ ಈಗಲೇ ಮಾಡಬಹುದಾದ ಕೆಲಸಗಳು.

ಇನ್ನು ಶಿಬಿರದ ಆ ಚೀಟಿ. ಅದನ್ನು ಎಸೆಯಬೇಕಿಲ್ಲ. ಅದರ ಹಿಂಬದಿ ಸಾಮಾನ್ಯವಾಗಿ ಖಾಲಿ ಇರುತ್ತದೆ. ಅಲ್ಲಿ ಒಂದು ಸಾಲು ಬರೆದುಕೊಂಡು ವೈದ್ಯರಿಗೆ ತೋರಿಸಿದರೆ ಮುಂದಿನ ಅಂಕಿಗೆ ಬೆಲೆ ಬರುತ್ತದೆ: ತವರೂರು ಯಾವುದು, ಕೊಟ್ಟ ಊರು ಯಾವುದು, ಎಲ್ಲಿ ಎಷ್ಟು ವರ್ಷ ಯಾವ ನೀರು.